ಅಕ್ಕೋರ ಮೂಗು, ಉದ್ದ ಲೆನ್ಸ್

ಗೆಳೆಯರೇ, ಒಂದು ಫೋಟೋ ತೆಗೆಯಲು ಇವತ್ತು ನಾನು ಬೀದಿ ದಾಟಿ ಚಹಾದಂಗಡಿಯಲ್ಲಿ ನಿಲ್ಲಬೇಕಾಯಿತು!

ಸಾಲೋಟಗಿ ಶಾಲೆಯ ಅಕ್ಕೋರು, ಅಂದರೆ ಶಿಕ್ಷಕಿ ಗಿರಿಜಾ, ತಮ್ಮ ತಂದೆಯೊಂದಿಗೆ ಇಂಡಿ ಪಟ್ಟಣದ ನನ್ನ ಸ್ಟುಡಿಯೋಗೆ ಬಂದರು. ಹೋದ ತಿಂಗಳು ನಾನೇ ತೆಗೆದ ಫೋಟೋವನ್ನು ಮೇಜಿನ ಮೇಲಿಟ್ಟು, "ಈ ಮೂಗು ಯಾರದ್ರಿ? ಗಂಡಿನ ಕಡ್ಯಾವರು ಇದನ್ನ ನೋಡೇ ಬ್ಯಾಡಂದ್ರು" ಎಂದರು.

ತಪ್ಪು ನನ್ನದೇ. ಚಿಕ್ಕ ಲೆನ್ಸ್ ಹಾಕಿ ತೀರಾ ಹತ್ತಿರದಿಂದ ತೆಗೆದರೆ ಯಾರ ಮೂಗಾದರೂ ಮುಂದೆ ಬರುತ್ತದೆ. ಇವತ್ತು ಸೊಲ್ಲಾಪುರದಿಂದ ತರಿಸಿದ ಉದ್ದ ಲೆನ್ಸ್ ಹಾಕಿದೆ. ಅದರಲ್ಲಿ ದೂರ ನಿಂತು ತೆಗೆದರೆ ಮುಖ ಇದ್ದಂತೆಯೇ ಬರುತ್ತದೆ.

"ಸೀರಿ ಅಂಚೂ ಕಾಣಬೇಕ್ರಿ" ಎಂದರು ತಂದೆ. ನಾನು ಹಿಂದೆ ಸರಿದೆ, ಇನ್ನೂ ಸರಿದೆ, ಬಾಗಿಲು ದಾಟಿದೆ, ಬೀದಿಯನ್ನೂ ದಾಟಿದೆ.

"ಎಲ್ಲಿಗೆ ಹೊಂಟ್ರಿ? ಝಳಕಿ ಊರು ಮುಟ್ಟಿದ ಮ್ಯಾಲೆ ತೆಗೀತೀರೇನು?" ಎಂದು ಗಿರಿಜಾ ಒಳಗಿನಿಂದ ಕೂಗಿದರು. ಚಹಾ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗಿರಿಜಾ ಕೂಡ ನಕ್ಕುಬಿಟ್ಟರು. ಆ ಕ್ಷಣಕ್ಕೇ ಗುಂಡಿ ಒತ್ತಿದೆ.

ಸಂಜೆ ರೋಲು ತೊಳೆದು ಪ್ರಿಂಟನ್ನು ಕೈಗಿಟ್ಟೆ. ಗಿರಿಜಾ ಬಹಳ ಹೊತ್ತು ನೋಡಿ, "ಈಗ ನಾನು ನನ್ನಂಗ ಅದೇನಿ" ಎಂದರು.

ತಂದೆಗೆ ಹಿಗ್ಗೋ ಹಿಗ್ಗು. "ಈಗಿಂದೀಗ ಅವರಿಗೆ ಟಪಾಲಿಗೆ ಹಾಕ್ತೇನಿ!"

"ತಡಿಯಪ್ಪಾ" ಎಂದರು ಗಿರಿಜಾ. "ಮೂಗು ನೋಡಿ ಬ್ಯಾಡಂದವರಿಗೆ ಇದು ಬ್ಯಾಡ. ಇದು ನಮ್ಮ ಮನಿ ಗ್ವಾಡಿಗೆ ಇರಲಿ. ಇನ್ನ ಮ್ಯಾಲೆ ಯಾರರ ಕೇಳಿದರ, ಮೊದಲು ಹುಡುಗನ ಫೋಟೋ ಬರಲಿ. ಅದೂ ಈ ಲೆನ್ಸಿನಾಗ!"

ಮದುವೆಗೆ ನಿಂತ ಗೆಳೆಯರೇ, ಸ್ಟುಡಿಯೋ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಗಡ್ಡ ಬೋಳಿಸಿಕೊಂಡು ಬನ್ನಿ.