ನಾಲ್ಕನೇ ಗುರುವಾರದ ನೇಮಣ್ಣ

ಕೊಣ್ಣೂರಿನ ನೇಮಣ್ಣನವರು ಗುರುವಾರ ಬೆಳಿಗ್ಗೆ ಗೋಕಾಕಿನ ಇಂಟರ್ನೆಟ್ ಸೆಂಟರಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು ಕೂತರೆ, ಸೆಂಟರ್ ನಡೆಸುವ ದೀಪಾಳಿಗೆ ಗುಡಿಯೊಳಗೆ ನಿಂತ ಹಾಗಾಗುತ್ತದೆ. ತಾವಾಗಿಯೇ ಹೆಸರು ಬರೆಸಿದ ನಾಲ್ಕುನೂರು ರೈತರಿಗೆ ಅವರು ಕಬ್ಬಿನ ಬೇಸಾಯದ ಈಮೇಲ್ ಕಳಿಸುತ್ತಾರೆ; ಟೈಪು ಮಾಡುವುದು ಎರಡೇ ಬೆರಳಲ್ಲಾದರೂ ಕೀಬೋರ್ಡು ಹಲಗೆ ವಾದ್ಯದಂತೆ ಮೊಳಗುತ್ತದೆ. ಮೂರು ಗುರುವಾರ ಬರೀ ತಿಳಿವಳಿಕೆ. ನಾಲ್ಕನೆಯದರಲ್ಲಿ ಮಾತ್ರ ಯಾವುದೋ ಕಂಪನಿಯ ಪಂಪಿನ ಜಾಹೀರಾತು, ಯಾರಾದರೂ ಕೊಂಡರೆ ಇವರಿಗೆ ಕಮಿಷನ್. "ದಿನಾ ಕಳಸ್ರಿ ಕಾಕಾ, ಭಾಳ ಮಾರತಾವು," ಎಂದು ದೀಪಾ ಅಂದರೆ ಕನ್ನಡಕ ಮೇಲೇರಿಸುತ್ತಾರೆ. "ಎಮ್ಮಿ ಎರಡ ಹೊತ್ತ ಹಾಲ ಕೊಡತೈತವ್ವಾ. ಮೂರನೇ ಹೊತ್ತ ಹಿಂಡಾಕ ಕುಂತ್ರ ಒದಿತೈತಿ." ವರ್ಷಕ್ಕೊಮ್ಮೆ, ಜೈನರು ಎಲ್ಲರಲ್ಲೂ ಕ್ಷಮೆ ಬೇಡುವ ಕ್ಷಮಾವಾಣಿಯ ದಿನ, ನಾಲ್ಕುನೂರು ಮಂದಿಗೂ ಹೆಸರು ಹಿಡಿದು ಬೇರೆ ಬೇರೆ ಬರೆಯುತ್ತಾರೆ: "ಸಿದ್ರಾಯಾ, ಆ ಪಂಪ ನಿನ್ನ ಹೊಲಕ್ಕ ಬೇಕಾಗಿರಲಿಲ್ಲ. ಕಮಿಷನ್ ಆಸೇಕ ಹೇಳಿದ್ನಿ. ಕ್ಷಮಾ ಮಾಡಪಾ." ಪತ್ರ ಸಾಕೆಂದು ಹೆಸರು ತೆಗೆಸಿದವರು ಹನ್ನೊಂದು ಮಂದಿ. "ಅವರಿಗೂ ಒಂದ ಕಳಸ್ರಲಾ," ಎಂದಳು ದೀಪಾ ಈ ಸಲದ ಕ್ಷಮಾವಾಣಿಯ ದಿನ. "ಬ್ಯಾಡ ಅಂದವರ ಪೆಟ್ಟಿಗ್ಯಾಗ ಕೈ ಹಾಕಬಾರದವ್ವಾ," ಎಂದು ನೇಮಣ್ಣನವರು ಎದ್ದು, ಚಪ್ಪಲಿ ಮೆಟ್ಟಿ, ಆ ಹನ್ನೊಂದು ಬಾಗಿಲುಗಳಲ್ಲಿ ಕೈ ಮುಗಿದು ಬರಲು, ಮೊದಲ ಮನೆಯಿರುವ ದಡ್ಡಿ ಊರಿನ ಬಸ್ಸು ಹತ್ತಿದರು.