ಮಾಕ್ ಕಸ್ಮಿಯ ಅಂಗಡಿಗೊಂದು ಪರದೆ

ಬು ವಿಜಿ, ಅಂದರೆ ವಿಜಿ ಮೇಡಂ, ಪಾಠ ಮಾಡುವುದೇ ಇಲ್ಲ ಎಂದು ಲಮೊಂಗಾನ್ ಊರಿನ ನಮ್ಮ ವೃತ್ತಿಶಾಲೆಯಲ್ಲಿ ಮೊದಲು ದೂರಿದವನು ನಾನೇ. ಪಕ್ಕದ ಕೋಣೆಯಲ್ಲಿ ನಾನು ಗಣಿತ ಹೇಳಿ ಗಂಟಲು ಹರಿದುಕೊಳ್ಳುತ್ತಿದ್ದರೆ, ಗ್ರಾಫಿಕ್ ಡಿಸೈನ್ ತರಗತಿಯಲ್ಲಿ ಈ ಮಹಾತಾಯಿ ಮಕ್ಕಳ ನಡುವೆ ಸುಮ್ಮನೆ ಓಡಾಡಿಕೊಂಡಿರುತ್ತಿದ್ದರು. ಪಾಠವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿಬಿಡುವುದು, ಮಕ್ಕಳು ಮನೆಯಲ್ಲಿ ನೋಡಿಕೊಂಡು ಬರುವುದು, ಶಾಲೆಯಲ್ಲಿ ಬರೀ ಕೆಲಸ. ಆ ವಿಡಿಯೋಗಳಲ್ಲಿ ಅವರ ಮನೆಯ ಹುಂಜವೂ ಕೂಗುತ್ತಿತ್ತು.

ಮುಖ್ಯೋಪಾಧ್ಯಾಯ ದರ್ಸೊನೊ ನಗುನಗುತ್ತಲೇ ಷರತ್ತು ಹಾಕಿದರು. "ಈ ಸೆಮಿಸ್ಟರ್ ಅವಧಿ ಮುಗಿಯೋದ್ರೊಳಗೆ ಮಕ್ಕಳು ಮಾಡಿದ್ದು ಒಂದಾದ್ರೂ ಊರಲ್ಲಿ ಬಳಕೆಗೆ ಬರ್ಲಿ, ಬು. ಇಲ್ಲಾಂದ್ರೆ ಮತ್ತೆ ಬೋರ್ಡು, ಸೀಮೆಸುಣ್ಣ."

ಮಕ್ಕಳು ಹಿಡಿದದ್ದು ಮಾಕ್ ಕಸ್ಮಿಯ, ಅಂದರೆ ಕಸ್ಮಿ ಅಮ್ಮನ, ಕರಿದ ಮೀಸೆಮೀನಿನ ಅಂಗಡಿಯನ್ನು. ಅದರ ಮುಂದೆ ಬೋರ್ಡಿನ ಬದಲು ತೂಗುವ ಬಟ್ಟೆಯ ಪರದೆಗೆ ಹೊಸ ಚಿತ್ರ ಬೇಕಿತ್ತು. ಆಕೆಯ ಮಗಳು ನುಂಗ್ಕಿ ಅದೇ ತರಗತಿಯವಳು, ಮುಂದಾಳೂ ಅವಳೇ. ಬೂದುಬಣ್ಣದ ಬಟ್ಟೆ, ಎಳೆಯಂಥ ಅಕ್ಷರ, ಎರಡೇ ಗೆರೆಯ ಮೀನು. ಬಲು ನಾಜೂಕು.

"ಅಯ್ಯೋ, ಚೆನ್ನಾಗಿದೆ ಮಕ್ಳೇ, ತುಂಬಾ ಚೆನ್ನಾಗಿದೆ! ಟೀ ಕುಡೀರಿ," ಎಂದರು ಮಾಕ್ ಕಸ್ಮಿ. ನಮ್ಮ ಐದು ದಿನದ ಸಂತೆ ಲೆಕ್ಕದ ಲೆಗಿ ದಿನ ಬರಲಿ, ಒಳ್ಳೆಯ ದಿನ ನೋಡಿ ಕಟ್ಟೋಣ ಎಂದರು. ಲೆಗಿ ಬಂತು, ಹೋಯಿತು. ಅದೇ ಲೆಕ್ಕದ ಪೊನ್ ದಿನವೂ ಹೋಯಿತು. ಸಂಜೆ ಆ ದಾರಿಯಲ್ಲಿ ಹೋದರೆ ಹಳೇ ಪರದೆಯೇ ತೂಗುತ್ತಿತ್ತು. ಮುಖದೆದುರು ಬೇಡ ಎನ್ನಲು ನಮ್ಮೂರಲ್ಲಿ ಯಾರಿಗೆ ನಾಲಿಗೆ ಹೊರಳುತ್ತದೆ? ಅದರಲ್ಲೂ ಹೆತ್ತ ಮಗಳಿಗೆ!

ಅವಧಿ ಮುಗಿಯಲು ಹತ್ತು ದಿನವಿತ್ತು. ನನಗೆ ಒಳಗೊಳಗೇ ಖುಷಿ, ಸುಳ್ಳೇಕೆ ಹೇಳಲಿ.

ಬು ವಿಜಿ ಯಾರನ್ನೂ ಕೇಳಲು ಹೋಗಲಿಲ್ಲ. ಹೊಸ ವಿಡಿಯೋ ಕಳಿಸಿದರು. ತಾವು ಓದುವಾಗ ಅಣ್ಣನ ಹಪ್ಪಳದ ಪೊಟ್ಟಣಕ್ಕೆ ಬಿಡಿಸಿದ ಚಿತ್ರವನ್ನು ಮುಂದಿಟ್ಟುಕೊಂಡು ತಾವೇ ಬೈದರು: "ಇದನ್ನ ಯಾರು ನೋಡ್ತಾರೆ? ಎಷ್ಟು ದೂರದಿಂದ? ಅದನ್ನೇ ಯೋಚ್ನೆ ಮಾಡ್ಲಿಲ್ಲ ನಾನು, ದಡ್ಡಿ! ನನಗೆ ಯಾರೂ ಹೇಳ್ಲೂ ಇಲ್ಲ. ಹೇಳಿದ್ರೆ ಎಷ್ಟು ಉಪಕಾರ ಆಗ್ತಿತ್ತು."

ನುಂಗ್ಕಿಯ ಮನೆಯಲ್ಲಿದ್ದದ್ದು ಒಂದೇ ಫೋನು, ಅದೂ ಅಮ್ಮನದು. ಅಡುಗೆಮನೆಯಲ್ಲಿ ಅಮ್ಮ ಮೆಣಸಿನಕಾಯಿ ಅರೆಯುವಾಗಲೇ ಮಗಳು ಪಾಠ ನೋಡಬೇಕು. ಇಡೀ ಅವಧಿಯ ಪಾಠ ಅಮ್ಮನ ಕಿವಿಗೂ ಬಿದ್ದಿತ್ತು.

ಮರುದಿನ ಮಾಕ್ ಕಸ್ಮಿ ಪರದೆಯನ್ನು ಕಂಕುಳಲ್ಲಿಟ್ಟುಕೊಂಡು ತರಗತಿಗೇ ಬಂದರು. ಗಲಾಟೆ ಕೇಳಿ ನಾನೂ ಇಣುಕಿದೆ.

"ಹೇಳಿದ್ರೆ ಉಪಕಾರ ಅಂದ್ರಲ್ಲ, ಬು, ಅದಕ್ಕೇ ಬಂದೆ. ನನ್ನ ಗಿರಾಕಿಗಳು ಹೆಲ್ಮೆಟ್ ಹಾಕ್ಕೊಂಡು ಬೈಕಲ್ಲಿ ಬರೋರು. ಈ ಅಕ್ಷರ ಓದ್ಬೇಕಾದ್ರೆ ಇಳಿದು ಕನ್ನಡಕ ಹಾಕ್ಬೇಕು. ಇದು ಮೀನಾ? ಮೀಸೆ ಎಲ್ಲೇ, ನುಂಗ್ಕಿ?"

"ಚೆನ್ನಾಗಿದೆ ಅಂದಿದ್ಯಲ್ಲಮ್ಮಾ!"

"ನೀನು ಎರಡು ವಾರ ಸರಿಯಾಗಿ ಊಟಾನೂ ಮಾಡ್ದೆ ಇದನ್ನ ಮಾಡಿದ್ದೆ. ಇನ್ನೇನು ಅನ್ಲಿ?"

ನುಂಗ್ಕಿಯ ಕಣ್ಣು ತುಂಬಿತು. ಆಮೇಲೆ ಅವಳೇ ನಕ್ಕಳು. ಅಂದಿನಿಂದ ನಾಲ್ಕು ದಿನ ಕೋಣೆ ತುಂಬ ಗಿಣಿಹಸಿರು, ಕಿತ್ತಳೆ, ಗುಲಾಬಿ ಬಟ್ಟೆ. ಮೀನಿಗೆ ಪೊಗದಸ್ತಾದ ಮೀಸೆ ಬಂತು.

ಹೊಸ ಪರದೆ ಕಟ್ಟಿದ ಸಂಜೆ ದರ್ಸೊನೊ ದೂರದಿಂದಲೇ ಓದಿ, ಕಾರು ನಿಲ್ಲಿಸಿ, ಎರಡು ಮೀನು ತಿಂದರಂತೆ. ಮರುದಿನ ಬು ವಿಜಿಗೆ, "ಚೆನ್ನಾಗಿದೆ, ಬು, ತುಂಬಾ ಚೆನ್ನಾಗಿದೆ," ಎಂದರು.

ಬು ವಿಜಿಯ ಮುಖ ಸಣ್ಣಗಾಯಿತು. "ಕೇಳಿದ್ರಾ, ಸರ್? ತುಂಬಾ ಚೆನ್ನಾಗಿದೆಯಂತೆ. ಮಾಕ್ ಕಸ್ಮಿ ಮೊದಲು ಅಂದಿದ್ದೂ ಇದನ್ನೇ. ನನ್ನ ಕಥೆ ಮುಗೀತು," ಎಂದರು ನನ್ನೊಡನೆ. ದೂರು ಕೊಟ್ಟವನು ನಾನೇ ಅಲ್ಲವೇ. ನಾಚಿಕೆಯಾಯಿತು.

ಸೋಮವಾರ ನೋಟಿಸ್ ಬೋರ್ಡಿಗೆ ಹೊಸ ವೇಳಾಪಟ್ಟಿ ಬಂತು. ಬು ವಿಜಿಯ ತರಗತಿ ಇದ್ದಂತೆಯೇ ಇತ್ತು, ಜೊತೆಗೆ ಮೊದಲ ವರ್ಷದವರನ್ನೂ ಅವರಿಗೇ ಕೊಟ್ಟಿದ್ದರು. ಅವರು ಎರಡು ಸಲ ಓದಿದರು. ಆಮೇಲೆ ಹಾಳೆಗೆ ಚುಚ್ಚಿದ್ದ ಪಿನ್ನನ್ನು ಬೆರಳಲ್ಲಿ ಒತ್ತಿ, ಗಟ್ಟಿಯಾಗಿ ಕೂತಿದೆಯೇ ಎಂದು ನೋಡಿದರು.