ಸರದಿಯ ಕಲ್ಲು

ಲೆಸೊಥೊದ ಬೆಟ್ಟಗಳ ಮೇಲೆ ಮುದುಕರ ಪಿಂಚಣಿ ಆಕಾಶದಿಂದ ಇಳಿಯುತ್ತಿದ್ದ ಕಾಲವೊಂದಿತ್ತು. ತಿಂಗಳ ಮೊದಲ ಮಂಗಳವಾರ ಹೆಲಿಕಾಪ್ಟರ್ ಬಂದು ಶಾಲೆಯ ಬಯಲಲ್ಲಿ ಕೂರುತ್ತಿತ್ತು. ಯಾವ ಹೊತ್ತಿಗೆ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಎಪ್ಪತ್ತು ದಾಟಿದವರು ಎಷ್ಟು ಹೊತ್ತು ನಿಂತಾರು? ಅದಕ್ಕೇ ಅವರ ಬದಲು ಕಲ್ಲುಗಳು ಸಾಲು ನಿಲ್ಲುತ್ತಿದ್ದವು. ಬಂದವರು ಹೋದ ತಿಂಗಳು ಬಯಲಲ್ಲೇ ಬಿಟ್ಟುಹೋಗಿದ್ದ ತಮ್ಮ ಕಲ್ಲನ್ನು ಸರದಿಯಲ್ಲಿಟ್ಟು ಶಾಲೆಯ ಗೋಡೆಯ ನೆರಳಿಗೆ ಹೋಗಿ ಕೂರುವುದು. ಇನ್ನೊಬ್ಬರ ಕಲ್ಲು ಮುಟ್ಟಿದವನಿಗೆ ಏಳು ತಲೆಮಾರಿನ ಬೈಗುಳ ಖಾತ್ರಿ.

ಗುಡ್ಡದ ಮೇಲಿನ ಊರಿನ ಮಾಪಲೇಸಳದು ಕೆಂಪು ಕಲ್ಲು. ಅದನ್ನು ಮುಟ್ಟುವ ಧೈರ್ಯ ಮಾಡಿದವನು ಒಬ್ಬನೇ, ಹೊಳೆಯಾಚೆಯಿಂದ ಕುದುರೆಯ ಮೇಲೆ ಬರುತ್ತಿದ್ದ ಮೊಖೆಥಿ. ತಾನು ಮೊದಲು ಬಂದರೂ ಅವಳ ಕಲ್ಲನ್ನು ಹುಡುಕಿ ಮುಂದಿಟ್ಟು, ತನ್ನ ಕರಿಯ ಕಲ್ಲನ್ನು ಅದರ ಹಿಂದೆ ಇಡುತ್ತಿದ್ದ.

"ನನ್ನ ಕಲ್ಲು ಮುಟ್ಟೋಕೆ ನಿಮಗ್ಯಾರ್ರೀ ಹೇಳಿದ್ದು?" ಎಂದು ಅವಳು ಮೊದಲ ಸಲ ಮೈಮೇಲೆ ಬಿದ್ದಿದ್ದಳು.

"ನೀವು ಹಿಂದೆ ನಿಂತ್ರೆ ನಿಮ್ಮ ಬಾಯಿಗೆ ನನ್ನ ಬೆನ್ನು ಉಳಿಯುತ್ತೇನವ್ವಾ? ಮುಂದೇ ಇರಿ" ಅಂದಿದ್ದ.

ಆಮೇಲೆ ಅವಳು ಡಬ್ಬಿಯಲ್ಲಿ ಹುಳಿ ಅಂಬಲಿ ತರತೊಡಗಿದಳು. ಅವನ ಕೋಟಿನ ಜೇಬಿನಿಂದ ಒಣಗಿಸಿದ ಪೀಚ್ ಹಣ್ಣು ಬರುತ್ತಿತ್ತು. ಅವಳು ಗಂಡ ಸತ್ತವಳು, ಅವನು ಹೆಂಡತಿ ಸತ್ತವನು. ಆರು ವರ್ಷ ಅವರು ಕುರಿ, ಮಂಡಿನೋವು, ಹಿಮದ ವಿಷಯ ಮಾತಾಡಿದರು. ಆಡಬೇಕಾದ್ದನ್ನು ಮಾತ್ರ ಪ್ರತಿ ಸಲವೂ ಮುಂದಿನ ತಿಂಗಳಿಗೆ ಬಿಟ್ಟರು.

ಒಂದು ಮಂಗಳವಾರ ಅಧಿಕಾರಿಯೊಬ್ಬ ಹಣದ ಜೊತೆ ಕಾಗದವನ್ನೂ ತಂದ.

"ನಿಮಗೆ ಕೊಡೋ ದುಡ್ಡಿಗಿಂತ ಅದನ್ನ ಹಾರಿಸ್ಕೊಂಡು ಬರೋ ಖರ್ಚೇ ಜಾಸ್ತಿ ಆಗ್ತಿದೆ, ಹಿರಿಯರೇ. ಇನ್ಮೇಲೆ ಫೋನಿಗೇ ಬರುತ್ತೆ. ಒಪ್ಪಿದೋರು ಕೈ ಎತ್ತಿ."

ಅವನು ಹೇಳಿದ್ದು ಸುಳ್ಳೇನಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಮುಂದಿದ್ದವರೆಲ್ಲ ಕೈ ಎತ್ತಿದರು. ತಾನೊಬ್ಬಳೇ ಸುಮ್ಮನಿದ್ದರೆ ಈ ಮುದುಕಿಗೆ ಇಲ್ಲೇನಪ್ಪ ಕೆಲಸ ಎಂದು ಜನ ನಗುತ್ತಾರೆಂದು ಮಾಪಲೇಸಳೂ ಎತ್ತಿಬಿಟ್ಟಳು. ಹಿಂದೆ ನಿಂತವನು ಏನು ಮಾಡಿದನೆಂದು ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅಂದಿನಿಂದ ಪಿಂಚಣಿ ತಪ್ಪದೆ ಬಂತು. ಊರಿನ ಅಂಗಡಿಯಲ್ಲೇ ಹಣ ಕೈಗೆ ಸಿಗುತ್ತಿತ್ತು. ಆದರೂ ಮೊದಲ ಮಂಗಳವಾರ ಬಂದರೆ ಅವಳ ಕೈ ತಾನಾಗಿ ಅಂಬಲಿ ಕಾಯಿಸುತ್ತಿತ್ತು. ಹೊಳೆಯಾಚೆ ಯಾವ ನೆಪ ಹೇಳಿ ಹೋಗುವುದು? ಅಲ್ಲಿ ಅವಳಿಗೆ ನೆಂಟರಿಲ್ಲ, ಸಾವಿಲ್ಲ, ಮದುವೆಯಿಲ್ಲ. ಕೈಯಲ್ಲಿ ಫೋನಿದ್ದರೂ ಅವನ ನಂಬರು ಗೊತ್ತಿರಲಿಲ್ಲ. ಅವನ ದನಿ ಕೇಳಬೇಕೆಂಬ ಆಸೆ ಅನ್ನ ನೀರಿನ ಹಸಿವೆಯಂತೆ ಕಾಡುತ್ತಿತ್ತು.

ಎಂಟು ತಿಂಗಳ ಮೇಲೆ ಶಾಲೆಯ ಟೀಚರ್ ರೆಥಾಬಿಲೆ ಅಂಗಡಿಯಲ್ಲಿ ಸಿಕ್ಕಳು.

"ಹೊಳೆಯಾಚೆಯ ಒಬ್ಬ ಅಜ್ಜ ಅವತ್ತು ಕೈ ಎತ್ತಲೇ ಇಲ್ವಂತೆ. ದುಡ್ಡಿಗೆ ಜಿಲ್ಲಾ ಕಚೇರಿಗೆ ಹೋಗ್ತಾರೆ. ಆದ್ರೆ ಮೊದಲ ಮಂಗಳವಾರ ಶಾಲೆ ಹತ್ರ ಬಂದು ಎರಡು ಕಲ್ಲು ಜೋಡಿಸಿ ಮಧ್ಯಾಹ್ನದವರೆಗೂ ಕೂರ್ತಾರೆ. 'ಹೆಲಿಕಾಪ್ಟರ್ ಬರಲ್ಲ, ಅಜ್ಜಾ' ಅಂದ್ರೆ 'ನಾನೇನು ಅದಕ್ಕೆ ಕಾಯ್ತಿದೀನಾ' ಅಂತಾರೆ."

"ಇಷ್ಟು ದಿನ ಹೇಳದೆ ನಿನ್ನ ಬಾಯಲ್ಲಿ ಏನಿತ್ತೇ, ಗೋಂದಾ?"

"ನಿಮಗ್ಯಾಕೆ ಹೇಳಬೇಕು ಅಂತ ನನಗೇನು ಗೊತ್ತು, ಅಜ್ಜಿ? ಹೋದ ತಿಂಗಳು ಅವರೂ ಬರಲಿಲ್ಲ."

ಟೀಚರ್‌ದೇನು ತಪ್ಪು? ತನ್ನ ಮನಸ್ಸಿನದನ್ನು ಯಾರಿಗೂ ಗೊತ್ತಾಗದಂತೆ ಆರು ವರ್ಷ ಕಾಪಾಡಿಕೊಂಡವಳು ಮಾಪಲೇಸಳೇ.

ಮುಂದಿನ ತಿಂಗಳ ಮೊದಲ ಮಂಗಳವಾರ ಅಂಬಲಿಯ ಡಬ್ಬಿ ಹಿಡಿದು ಎರಡು ಗಂಟೆ ಇಳಿಜಾರು ನಡೆದಳು. ಬಯಲಲ್ಲಿ ಹುಲ್ಲು ಬೆಳೆದಿತ್ತು. ಮಿಕ್ಕ ಕಲ್ಲುಗಳೆಲ್ಲ ದನಗಳ ಕಾಲಿಗೆ ಸಿಕ್ಕಿ ಚೆಲ್ಲಾಪಿಲ್ಲಿಯಾಗಿದ್ದವು. ಎರಡು ಮಾತ್ರ ಗೋಡೆಯ ಪಕ್ಕ ನೆಟ್ಟಗಿದ್ದವು. ಮುಂದೆ ಕೆಂಪು, ಹಿಂದೆ ಕಪ್ಪು.

ಮಂಡಿಯೂರಿ ಕರಿಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿಟ್ಟಳು. "ಈ ಸಲ ನೀವು ಮುಂದಿರಿ. ನಾನು ಹಿಂದೆ ಇರ್ತೀನಿ" ಅಂದಳು.

ಬಿಸಿಲು ನೆತ್ತಿಗೆ ಬಂತು. ಕಂಬಳಿಯೊಳಗೆ ಫೋನು ಟಿಣ್ ಎಂದಿತು. ಪಿಂಚಣಿ ಬಂದಿತ್ತು. ಅವಳು ಅದನ್ನು ಹೊರಗೆ ತೆಗೆಯದೆ, ಡಬ್ಬಿಯ ಮುಚ್ಚಳವನ್ನೂ ತೆರೆಯದೆ, ಹೊಳೆಯ ದಾರಿ ನೋಡುತ್ತ ಕೂತಳು.